ಬಾಚಣಿಗೆ ಗುರುತಿನ ಗುಳಿ

ಗಾವಡಗೆರೆಗೆ ಹೋಗಿ ಪ್ರಮೀಳಾ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೂಗಿ ಮನೆ ಎಂದರೆ ಸಾಕು, ಸಿಂಬಳ ಸುರಿಸಿಕೊಂಡು ನಿಂತ ಮಗು ಕೂಡ ಕೈ ತೋರಿಸುತ್ತಿತ್ತು. ಹುಟ್ಟಿನಿಂದ ಕಿವಿ ಕೇಳದು, ಆದ್ದರಿಂದ ಬಾಯಲ್ಲಿ ಮಾತಿಲ್ಲ. ಮಾತಿಲ್ಲ, ಆದ್ದರಿಂದ ತಲೆಯಲ್ಲೂ ಏನೂ ಇಲ್ಲ ಎಂದು ಊರು ಎಂದೋ ತೀರ್ಮಾನ ಮಾಡಿ ಮುಗಿಸಿತ್ತು. ಊರಿನ ತೀರ್ಮಾನಗಳೇ ಹಾಗೆ. ಕೂತ ಜಗಲಿಯ ಮೇಲೇ ಆಗಿಬಿಡುತ್ತವೆ, ಎದ್ದು ಹೋಗಿ ನೋಡಿ ಬರುವ ಕಷ್ಟ ಯಾರಿಗೆ ಬೇಕು?

ಪ್ರಮೀಳಾಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ತಂಗಿ ರಾಧಾ, ರಾಧಾಳ ಗಂಡ ನಟರಾಜು, ಅವರ ಒಬ್ಬಳೇ ಮಗಳು ಅನುಶ್ರೀ, ಇವರ ಜೊತೆ ಇದ್ದಳು. ಮನೆ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳ ಕೈಗೆ ಸಮ ಇರಲಿಲ್ಲ ಎಂದು ಕೂಲಿಗೆ ಬರುವ ಹೆಂಗಸರೇ ಒಪ್ಪಿಕೊಳ್ಳುತ್ತಿದ್ದರು.

ಆ ಕೈಗೆ ಇನ್ನೊಂದು ಕೆಲಸವೂ ಗೊತ್ತಿತ್ತು. ಊರಿನವರು ಪ್ರಮೀಳಾ ಜೊತೆ ಸಂತೆ ಸನ್ನೆಯಲ್ಲಿ ಮಾತಾಡುತ್ತಿದ್ದರು. ಬೆರಳು ಕೂಡಿಸಿ ಬಾಯಿಗೆ ಹಿಡಿದರೆ ಊಟ, ಕೈ ಬೀಸಿದರೆ ಬಾ, ಅಂಗೈ ತಿರುವಿದರೆ ಇಲ್ಲ ಅಥವಾ ಗೊತ್ತಿಲ್ಲ, ಹಣೆ ಮುಟ್ಟಿದರೆ ಯಾರೋ ಒಬ್ಬಳು ಕುಂಕುಮದ ಹೆಂಗಸು. ಅಷ್ಟರಲ್ಲಿ ಉಪ್ಪು ಮೆಣಸಿನಕಾಯಿ ತರಬಹುದು, ಬದುಕು ಹೇಳಲಾಗುವುದಿಲ್ಲ. ಆದರೆ ಅಕ್ಕತಂಗಿಯರು ಮನೆಯಲ್ಲಿ ಆಡುತ್ತಿದ್ದ ಕೈಮಾತೇ ಬೇರೆ. ಅದರಲ್ಲಿ ನಿನ್ನೆ ಇತ್ತು, ನಾಳೆ ಇತ್ತು, ಕನಸು ಹೇಳಬಹುದಿತ್ತು, ಬೈಯಬಹುದಿತ್ತು, ನೆರೆಮನೆಯವಳ ನಡಿಗೆಯನ್ನು ಆಡಿಕೊಂಡು ಹೊಟ್ಟೆ ಹಿಡಿದು ನಗಬಹುದಿತ್ತು. ಸುಳ್ಳೂ ಹೇಳಬಹುದಿತ್ತು, ಆದರೆ ಆವರೆಗೆ ಹೇಳಿರಲಿಲ್ಲ.

ಆ ಮಾತು ಬಂದದ್ದು ಅಜ್ಜಿ ಚಿಕ್ಕಬೀರಮ್ಮನಿಂದ. ಅಜ್ಜಿಯೂ ಹುಟ್ಟು ಕಿವುಡಿ. ಅಜ್ಜಿಗೆ ಅದು ಬಂದದ್ದು ಛತ್ರದಿಂದ.

ಊರ ಹೊರಗೆ, ಹುಣಸೂರಿನ ದಾರಿ ಕವಲೊಡೆಯುವ ಕಡೆ, ಆ ಛತ್ರ ಇನ್ನೂ ನಿಂತಿತ್ತು. ಮುಂದಿನ ಭಾಗದಲ್ಲಿ ಇಸ್ಪೀಟು, ಹಿಂದಿನ ಪಡಸಾಲೆಯಲ್ಲಿ ಮೇಕೆ ಮತ್ತು ಸೌದೆ. ಅರಸರ ಕಾಲದಲ್ಲಿ ಮುಂದುಗಡೆ ದಾರಿಹೋಕರು ತಂಗುತ್ತಿದ್ದರಂತೆ. ಹಿಂದಿನ ಪಡಸಾಲೆ ಮಾತ್ರ ಎಲ್ಲಿಗೂ ಹೋಗಲಾರದವರದು. ಕುರುಡರು, ಕುಂಟರು, ಕಿವುಡರು, ಹೆತ್ತವರು ಮೆಟ್ಟಿಲ ಮೇಲೆ ಬಿಟ್ಟುಹೋದ ಮಕ್ಕಳು. ಆ ಪಡಸಾಲೆಯ ಗೋಡೆಯುದ್ದಕ್ಕೂ ಹಾಸಿದ ಚಪ್ಪಡಿಯಲ್ಲಿ ತಟ್ಟೆಯಗಲದ ಗುಳಿಗಳ ಸಾಲೊಂದಿದೆ. ಪ್ರತಿ ಗುಳಿಯ ಅಂಚಿನಲ್ಲೂ ಉಳಿಯಿಂದ ಕೊರೆದ ಒಂದೊಂದು ಗುರುತು: ಒಂದರಲ್ಲಿ ಮೀನು, ಒಂದರಲ್ಲಿ ಏಣಿ, ಆಮೇಲೆ ಬಾಚಣಿಗೆ, ಅದರ ಪಕ್ಕ ಅರ್ಧಚಂದ್ರ. ಸಿಪಾಯಿಗಳು ಅಳಗುಳಿ ಮಣೆ ಆಡಲು ಕೊರೆದದ್ದು ಎಂದು ಊರಿನ ಬುದ್ಧಿವಂತರು ಹೇಳುತ್ತಿದ್ದರು. ತಟ್ಟೆಯಗಲದ ಗುಳಿಯಲ್ಲಿ ಹುಣಸೆ ಬೀಜ ಆಡುವ ಸಿಪಾಯಿ ಎಷ್ಟು ದಪ್ಪಗಿದ್ದನೋ, ದೇವರೇ ಬಲ್ಲ.

ಅವು ಉಣ್ಣುವ ಗುಳಿಗಳು. ಒಬ್ಬೊಬ್ಬರಿಗೆ ಒಂದೊಂದು. ಕುರುಡರು ಅಂಚು ತಡವಿ ತಮ್ಮ ಜಾಗ ಹುಡುಕಿಕೊಳ್ಳಲೆಂದು ಗುರುತು ಕೊರೆದದ್ದು. ಕಿವುಡರನ್ನು ಹೆಸರು ಹಿಡಿದು ಕೂಗಿ ಪ್ರಯೋಜನವಿಲ್ಲವಲ್ಲ, ಹಾಗಾಗಿ ಅವರ ನಡುವೆ ಗುಳಿಯ ಗುರುತೇ ಹೆಸರಾಯಿತು. ಮೂರು ಬೆರಳನ್ನು ನೆತ್ತಿಯಿಂದ ಕೆಳಕ್ಕೆ ಬಾಚಿದರೆ ಬಾಚಣಿಗೆ, ಅಂದರೆ ಚಿಕ್ಕಬೀರಮ್ಮ. ಛತ್ರಕ್ಕೆ ಗಾಡಿಯಲ್ಲಿ ಸೊಪ್ಪು ತರಕಾರಿ ಹಾಕುತ್ತಿದ್ದ ಕುಳ್ಳಯ್ಯ ಎಂಬ ಬೇಸಾಯಗಾರ ಆ ಬಾಚಣಿಗೆ ಹುಡುಗಿಯನ್ನು ಮೆಚ್ಚಿ, ಮನೆಯವರ ಬೈಗುಳ ತಿಂದು, ಮದುವೆ ಮಾಡಿಕೊಂಡ. ಊರಿನವರು ಕೆಲಕಾಲ ಅವನ ಮನೆ ನೀರು ಮುಟ್ಟಲಿಲ್ಲ. ಆಮೇಲೆ ಮುಟ್ಟಿದರು, ಹೊಲದ ಮನೆ ಬಿಟ್ಟು ಊರೊಳಗೆ ಕಾಲಿಡದ ಅವಳನ್ನು ಆಮೇಲೆ ಮರೆತೇಬಿಟ್ಟರು.

ಮೊಮ್ಮಕ್ಕಳಿಗೆ ಅಜ್ಜಿ ಆ ಸಾಲಿನ ಹೆಸರುಗಳನ್ನೇ ಇಟ್ಟಳು. ಕಿವಿ ಕೇಳದ ದೊಡ್ಡವಳಿಗೆ ತನ್ನ ಪಕ್ಕದ ಅರ್ಧಚಂದ್ರ. ಅಲ್ಲಿ ಕೂರುತ್ತಿದ್ದ ಗೆಳತಿ ಹುಡುಗಿಯಾಗಿದ್ದಾಗಲೇ ತೀರಿಕೊಂಡಿದ್ದಳು. ಕಿವಿ ಕೇಳುವ ಚಿಕ್ಕವಳಿಗೆ ಏಣಿ. ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳು ಹತ್ತಿಸಿದರೆ ರಾಧಾ. ಅಜ್ಜಿ ಸತ್ತ ಮೇಲೆ ಈ ಪ್ರಪಂಚದಲ್ಲಿ ಆ ಮಾತು ಉಳಿದದ್ದು ಎರಡು ಜೊತೆ ಕೈಗಳಲ್ಲಿ. ಅನುಶ್ರೀಗೂ ಒಂದಿಷ್ಟು ಬರುತ್ತಿತ್ತು, ಅರ್ಧಂಬರ್ಧ.

ಎರಡು ಸಾವಿರದ ನಾಲ್ಕನೇ ಇಸವಿಯ ಸೊಪ್ಪು ಬೇಯಿಸುವ ಕಾಲದಲ್ಲಿ ಮೈಸೂರಿನಿಂದ ಉಮಾಶಂಕರ ಎಂಬುವನು ಬಂದ. ನಾಟಕದವನು. ಗಡ್ಡ, ಜುಬ್ಬ, ಹೆಗಲಿಗೆ ಕ್ಯಾಮೆರಾ. ಹಾಲಿನ ಡೈರಿಯ ಮುಂದೆ ನಿಂತು ಜನಕ್ಕೆ ಹೇಳಿದ.

"ಕಟ್ಟಿಸಿದವರ ಹೆಸರು ಎಲ್ಲಾ ಗೋಡೆ ಮೇಲೂ ಇರುತ್ತೆ ನೋಡಿ. ಒಳಗೆ ಬದುಕಿದವರ ಹೆಸರು ಎಲ್ಲೂ ಇರಲ್ಲ. ಕುರುಡರು, ಕಿವುಡರು, ಕಾಲಿಲ್ಲದವರು, ಇವರ ಚರಿತ್ರೆ ಹುಡುಕ್ತಾ ಇದೀವಿ. ಸಿಕ್ಕಿದ್ದನ್ನ ಆ ಛತ್ರದಲ್ಲೇ ನಾಟಕ ಮಾಡ್ತೀವಿ. ಯಾರಿಗಾದ್ರೂ ಏನಾದ್ರೂ ಗೊತ್ತಿದ್ರೆ ಹೇಳಿ."

ಯಾರಿಗೂ ಏನೂ ಗೊತ್ತಿರಲಿಲ್ಲ. ಹಾಲು ಹಾಕಲು ಬಂದಿದ್ದ ರಾಧಾ ತಡೆಯಲಾರದೆ ಅಂದಳು, "ನಮ್ಮಕ್ಕಂಗೆ ಗೊತ್ತೈತೆ ಸಾ. ಅವ್ಳು ಕೈಯಾಗೆ ಯೋಳ್ತಾಳೆ, ನಾನು ಬಾಯಾಗೆ ಯೋಳ್ತೀನಿ."

ಇದನ್ನು ಮರೆಯಬಾರದು. ಅವತ್ತು ಅವಳ ಬಾಯಿಂದ ಬಂದದ್ದು ನಿಜವಾದ ಹೆಮ್ಮೆ. ಮನೆಗೆ ಓಡಿಬಂದು ಸೊಪ್ಪು ಕಟ್ಟುತ್ತಿದ್ದ ಅಕ್ಕನ ಕೈಯಿಂದ ದಾರ ಕಿತ್ತು ಬಿಸಾಕಿ, "ಅಜ್ಜಿಯ ಕಥೆ ಕೇಳಲು ಮೈಸೂರಿನಿಂದ ಬಂದಿದ್ದಾರೆ" ಎಂದು ಕೈಯಾಡಿಸಿದಳು. ಪ್ರಮೀಳಾ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಆಯಸ್ಸಿನಲ್ಲಿ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಯಾರೋ ಹಿರಿಯರು ಹಾವು ಹೊಡೆದ ಪಾಪಕ್ಕೆ ಇವಳು ಮೂಗಿಯಾದಳು ಎಂದು ಊರು ಆಡಿಕೊಳ್ಳುವುದು ಅವಳಿಗೆ ಗೊತ್ತಿತ್ತು. ತಾನು ಪಾಪದ ಫಲವಲ್ಲ, ಬಾಚಣಿಗೆಯ ಮೊಮ್ಮಗಳು. ಅಜ್ಜಿ ಇಲ್ಲಿ ಕೂತು ಉಂಡಳು, ಇಲ್ಲೇ ಮಾತು ಕಲಿತಳು, ಆ ಮಾತು ನನ್ನ ಕೈಯಲ್ಲಿದೆ. ಇಷ್ಟನ್ನು ಅಜ್ಜಿಯ ಗುಳಿಯ ಮುಂದೆ ಕೂತು ಊರಿಗೆ ಒಂದು ಸಲ ಹೇಳಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಡೈರಿಯ ಮಾತಿಗೂ ಛತ್ರದ ದಿನಕ್ಕೂ ನಡುವೆ ಇನ್ನೊಂದು ಸಂಗತಿ ನಡೆಯಿತು. ಕೃಷ್ಣರಾಜನಗರದ ಕಡೆ ಹೊಸ ಅಗ್ರಹಾರದಿಂದ ಅನುಶ್ರೀಗೆ ಸಂಬಂಧ ಬಂತು. ಹುಡುಗನ ಅಪ್ಪ ಕಂಠಪ್ಪ, ನಾಲೆ ನೀರಿನ ಗದ್ದೆಯವನು. ಅವನ ಹೆಂಡತಿ ಸುನಂದಮ್ಮ ಮನೆತನ ಬಗೆದು ನೋಡುವವಳು. ಹೆಣ್ಣಿಗಿಂತ ಮೊದಲು ಹೆಣ್ಣಿನ ಮನೆಯ ಮೂರು ತಲೆಮಾರು ವಿಚಾರಿಸುತ್ತಾಳೆ ಎಂದು ಸುದ್ದಿ ತಂದವರು ಹೇಳಿದರು. ಅಂದಿನಿಂದ ರಾಧಾಳ ಮುಖ ಕಳೆಗುಂದಿತು. ಪ್ರಮೀಳಾ ಏನೆಂದು ಕೇಳಿದ್ದಕ್ಕೆ, ಬೀಗರು ಬರುತ್ತಾರೆ, ಕೆಲಸ ಜಾಸ್ತಿ ಎಂದಳು.

ಛತ್ರಕ್ಕೆ ಹೋದ ದಿನ ಉಮಾಶಂಕರನ ಜೊತೆ ಅವನ ತಂಡವೂ ಬಂದಿತ್ತು. ಲಿಂಗಣ್ಣ ಎಂಬ ಕುರುಡ ನಟ, ಪೋಲಿಯೋ ಆದ ಇಬ್ಬರು, ಬೆಳಕಿನವರು, ಬಣ್ಣದವರು. ಕಿವುಡರು ಯಾರೂ ಇರಲಿಲ್ಲ, ಬರಬೇಕಾಗಿದ್ದವರಿಗೆ ಪರೀಕ್ಷೆಯಂತೆ. ಕಿವುಡರ ಚರಿತ್ರೆಗೆ ಕಿವುಡರೇ ಇಲ್ಲ, ಮದುಮಗಳಿಲ್ಲದ ಮದುವೆ!

ಪ್ರಮೀಳಾ ಮೇಕೆ ಹಿಕ್ಕೆ ಗುಡಿಸಿ, ನೀರು ಹಾಕಿ ಕಲ್ಲು ತೊಳೆದಳು. ಸಾಲಿನ ತುದಿಯಿಂದ ಶುರುಮಾಡಿದಳು. ಮೀನು ಗುಳಿಯವನು ಕುರುಡ, ಹಗ್ಗ ಹೊಸೆಯುತ್ತಿದ್ದ, ಮಳೆ ಬರುವುದನ್ನು ಮೂಗಿನಿಂದಲೇ ಹೇಳುತ್ತಿದ್ದ. ಏಣಿ ಗುಳಿಯವಳಿಗೆ ಕಾಲಿರಲಿಲ್ಲ, ತೆವಳಿಕೊಂಡೇ ಪಡಸಾಲೆಯನ್ನೆಲ್ಲ ಸಾರಿಸುತ್ತಿದ್ದಳು, ಬಾಯಿ ಮಾತ್ರ ಬಲು ಜೋರು. ಅಜ್ಜಿಯಿಂದ ಕೇಳಿದ್ದನ್ನೆಲ್ಲ ಅವಳ ಕೈಗಳು ಸುರಿದವು, ರಾಧಾಳ ಬಾಯಿ ಅದನ್ನೆಲ್ಲ ಹೇಳಿತು. ಲಿಂಗಣ್ಣ ಕೂತು ಅಂಚು ತಡವಿ ಮೀನು ಸಿಕ್ಕಿದಾಗ ಹೋ ಎಂದು ನಕ್ಕ. ಉಮಾಶಂಕರನ ಕಣ್ಣು ಒದ್ದೆಯಾಯಿತು.

ಆಮೇಲೆ ಪ್ರಮೀಳಾ ಬಾಚಣಿಗೆ ಗುಳಿಯ ಮುಂದೆ ಕೂತಳು. ಮೂರು ಬೆರಳು ಬಾಚಿದಳು. ಎರಡು ಕಿವಿ ಮುಟ್ಟಿ ತಲೆಯಾಡಿಸಿದಳು, ಅಜ್ಜಿಗೆ ಕೇಳುತ್ತಿರಲಿಲ್ಲ. ತನ್ನ ಎದೆ ಮುಟ್ಟಿದಳು, ಅದೇ ರಕ್ತ ನಾನು, ಅದೇ ಕಿವಿ. ಹೇಳಿ ಮುಗಿಸಿ ತಂಗಿಯ ಕಡೆ ನೋಡಿದಳು.

ರಾಧಾಳ ತುಟಿಗಳು ಆಡಿದವು. ಉಮಾಶಂಕರನ ಕಣ್ಣು ಪ್ರಮೀಳಾಳ ಕಿವಿಯ ಕಡೆ ಬರಬೇಕಿತ್ತು. ಬರಲಿಲ್ಲ. ಅದು ಮೂಲೆಯಲ್ಲಿ ಮುರಿದು ಬಿದ್ದಿದ್ದ ಅಡುಗೆಮನೆಯ ಕಡೆ ಹೋಯಿತು. ಆಮೇಲೆ ಅವನು ತಿರುಗಿ ಪ್ರಮೀಳಾಗೆ ಕೈ ಮುಗಿದ. ಅಜ್ಜಿಗೆ ಮುಗಿಯುತ್ತಿದ್ದಾನೆ ಅಂದುಕೊಂಡು ಅವಳೂ ಸಂತೋಷದಿಂದ ಮುಗಿದಳು. ಕಣ್ಣೆದುರೇ ಕಣ್ಣಿಗೆ ಮಣ್ಣೆರಚಿದರೆ ಯಾರಿಗೆ ಕಾಣುತ್ತದೆ ಹೇಳಿ!

ನಾಟಕದ ತಯಾರಿ ಛತ್ರದಲ್ಲೇ ನಡೆಯಿತು. ಪಡಸಾಲೆಯ ಮೇಲೆ ಮಾತಿಲ್ಲದ ಅಭಿನಯ, ಪಕ್ಕದಲ್ಲಿ ರಾಧಾ ಮೈಕು ಹಿಡಿದು ಕಥೆ ಹೇಳುವುದು. ಪ್ರಮೀಳಾ ಅಜ್ಜಿಯ ಪಾತ್ರ. ಎಲ್ಲರಿಗೂ ಅವರವರ ಗುಳಿಯ ಹೆಸರು ಕಲಿಸಿದಳು. ಊರಿನ ಹುಡುಗರು ಕಿಟಕಿಯಿಂದ ಇಣುಕಿ ನೋಡುವಾಗ ಅವಳಿಗೆ ಮೊದಲಿನ ಹಾಗೆ ನಾಚಿಕೆಯಾಗಲಿಲ್ಲ. ಹೊಸ ಅಗ್ರಹಾರದವರು ಹೆಣ್ಣು ನೋಡಲು ಬಂದ ದಿನ ಮಾತ್ರ ರಾಧಾ, "ನೀನು ಬ್ಯಾರನ್ ಹತ್ತಿರ ಇರು, ಬೆಂಕಿ ಇಳಿದರೆ ಸೊಪ್ಪು ಕೆಡುತ್ತದೆ" ಎಂದಳು. ಬೆಂಕಿ ಇಳಿಯಬಾರದು ಎಂಬುದು ನಿಜ, ಹಾಗಾಗಿ ಪ್ರಮೀಳಾ ಹೊಗೆಯಲ್ಲಿ ಕೂತು ಸೌದೆ ಒಟ್ಟಿದಳು. ತಾನು ಎತ್ತಿ ಆಡಿಸಿದ ಮಗುವನ್ನು ಬೀಗರು ಮೆಚ್ಚಿದರೋ ಇಲ್ಲವೋ ಎಂದು ಗೋಡೆಗೆ ಕಣ್ಣಿಟ್ಟಿದ್ದಳು.

ನಾಟಕ ಹತ್ತಿರವಾದಾಗ ಉಮಾಶಂಕರ ಒಂದು ರೇಷ್ಮೆ ಸೀರೆ, ಒಂದು ದೊಡ್ಡ ಸೌಟು ತಂದುಕೊಟ್ಟು, ಅವಳನ್ನು ಗುಳಿಸಾಲಿನ ಆಚೆ ಬದಿಗೆ, ಬಡಿಸುವವರ ಜಾಗಕ್ಕೆ ನಿಲ್ಲಿಸಿದ.

ಪ್ರಮೀಳಾ ಸೌಟು ನೋಡಿದಳು, ತಂಗಿಯನ್ನು ನೋಡಿದಳು. "ಏಣಿ, ಇದೇನು? ಅಜ್ಜಿ ಈಚೆ ಕೂತವಳು."

"ಮೊದಲು ಬಡಿಸು, ಆಮೇಲೆ ಕೂರು. ನಾಟಕ ಹಾಗೆ" ಎಂದವು ರಾಧಾಳ ಕೈಗಳು. ಬೆರಳುಗಳಲ್ಲಿ ಜೀವ ಇರಲಿಲ್ಲ, ಕೊನೆಯ ಮಾತು ಪೂರ್ತಿ ಮುಗಿಯುವ ಮೊದಲೇ ಸೆರಗಿನೊಳಗೆ ಹೋಗಿಬಿಟ್ಟವು. ಪ್ರಮೀಳಾಗೆ ಅದು ಕಂಡಿತು. ಕಂಡರೂ ನಂಬಿದಳು. ಅವಳನ್ನು ನಂಬದಿದ್ದರೆ ಇನ್ನು ಯಾರನ್ನು ನಂಬುವುದು? ಪ್ರಮೀಳಾಗೂ ಪ್ರಪಂಚಕ್ಕೂ ನಡುವೆ ಇದ್ದದ್ದು ಆ ಎರಡು ಕೈಗಳೇ.

ನಾಟಕದ ದಿನ ಛತ್ರದ ಅಂಗಳಕ್ಕೆ ಶಾಮಿಯಾನ ಬಿತ್ತು. ಬಿಳಿಕೆರೆಯಿಂದ ಬಾಡಿಗೆ ಕುರ್ಚಿ ಬಂದವು. ಹೊಸ ಅಗ್ರಹಾರದವರಿಗೂ ಹೇಳಿಕಳಿಸಿದ್ದರು. ಎರಡು ಜೀಪು ತುಂಬ ಬರುವವರಿದ್ದರು, ಒಪ್ಪಿಗೆಯ ಮಾತು ಅವತ್ತೇ ಆಗುವುದಿತ್ತು. ಮಧ್ಯಾಹ್ನ ಅಲ್ಲೇ ಒಳಗೆ ಅನುಶ್ರೀ ದೊಡ್ಡವ್ವನನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಹುಡುಗಿ ಖುಷಿಯಲ್ಲಿದ್ದಳು. ಎದುರು ಬಂದು ಕೂತು, ತನಗೆ ಬರುವ ಅರ್ಧಂಬರ್ಧ ಕೈಮಾತಿನಲ್ಲಿ ಹೇಳಿದಳು: "ದೊಡ್ಡವ್ವ, ಅವರು ಬಂದು ಏನಾದರೂ ಕೇಳಿದರೆ ನೀನೂ ಹೀಗೇ ಹೇಳು." ಹಣೆ ಮುಟ್ಟಿ ಬಿಸಿ ಎಂದಳು, ಚಿಕ್ಕ ಮಗು ಎಂದಳು, ಕಿವಿ ಹೋಯಿತು ಎಂದಳು.

ಯಾರಿಗೆ ಜ್ವರ, ಯಾರ ಕಿವಿ ಹೋಯಿತು, ಪ್ರಮೀಳಾಗೆ ತಿಳಿಯಲಿಲ್ಲ.

"ನಿನಗೇ. ಜ್ವರ ಬಂದು ಹೋಯಿತಲ್ಲ?"

"ನಾನು ಹುಟ್ಟಿದ್ದೇ ಹೀಗೆ. ಅಜ್ಜಿಯ ಹಾಗೆ."

ಅನುಶ್ರೀ ನಕ್ಕು ತಲೆಯಾಡಿಸಿದಳು. "ಮುತ್ತಜ್ಜಿಗೆ ಚೆನ್ನಾಗಿ ಕೇಳುತ್ತಿತ್ತು. ದೊಡ್ಡ ಮನೆಯವಳು. ಇಲ್ಲಿ ದಿನಾ ಬಂದು ಪಾಪದವರಿಗೆ ಅನ್ನ ಬಡಿಸುತ್ತಿದ್ದಳು. ಅಮ್ಮ ಹೇಳಿದ್ದು. ನಾಟಕವೂ ಅದೇ ಅಲ್ಲವಾ? ನಿನಗೆ ಗೊತ್ತಿಲ್ಲವಾ?"

ಹುಡುಗಿಯ ತಪ್ಪೇನೂ ಇರಲಿಲ್ಲ. ಅವಳು ಹುಟ್ಟುವ ಮೊದಲೇ ಅಜ್ಜಿ ತೀರಿಹೋಗಿದ್ದಳು, ಅಮ್ಮ ಹೇಳಿದ್ದನ್ನು ಅವಳು ನಂಬಿದಳು. ಅಮ್ಮ ಹೇಳಿದ್ದನ್ನು ಉಮಾಶಂಕರ ನಂಬಿದ. ಪ್ರಮೀಳಾ ಬಾಚಣಿಗೆ ಗುಳಿಯ ಮುಂದೆ ಕೂತು, ಎದೆ ಮುಟ್ಟಿಕೊಂಡು, ಎಲ್ಲ ಹೇಳಿದ ದಿನ ರಾಧಾಳ ತುಟಿಗಳು ಏನು ಹೇಳಿದವು ಎಂಬುದು ಈಗ ತಿಳಿಯಿತು. ಪ್ರಮೀಳಾ ಜಡೆ ಅರ್ಧಕ್ಕೆ ಬಿಟ್ಟು ಎದ್ದಳು.

ಮೊದಲು ಹೋದದ್ದು ಉಮಾಶಂಕರನ ಹತ್ತಿರ. ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬಾಚಣಿಗೆ ಗುಳಿ ತೋರಿಸಿದಳು. ನೆತ್ತಿಯಿಂದ ಬೆರಳು ಬಾಚಿದಳು, ಕಿವಿ ಮುಟ್ಟಿದಳು, ತಲೆಯಾಡಿಸಿದಳು, ಕೂತಳು, ಉಂಡಳು, ಮತ್ತೆ ಕಿವಿ ಮುಟ್ಟಿದಳು. ಉಮಾಶಂಕರ ಹೂಂ ಹೂಂ ಎಂದು ತಲೆ ತೂಗಿದ, ಬೆನ್ನು ತಟ್ಟಿದ, ಕತ್ತು ಎತ್ತಿ ರಾಧಾಳನ್ನು ಕೂಗಿದ.

"ರಾಧಮ್ಮ, ಏನಂತಾರೆ ಇವರು? ತುಂಬಾ ಎಮೋಷನಲ್ ಆಗಿದಾರೆ."

"ಭಯ ಆಯ್ತದಂತೆ ಸಾ, ಇಷ್ಟೊಂದ್ ಜನ ನೋಡಿ. ನಾನ್ ಯೋಳ್ತೀನಿ ಬುಡಿ" ಎಂದು ರಾಧಾ ಅಕ್ಕನನ್ನು ಹಿಡಿದುಕೊಂಡು ಛತ್ರದ ಹಿಂದಕ್ಕೆ ಹೋದಳು.

ಅಲ್ಲಿ, ಸೌದೆ ಪೇರಿಸಿದ ಗೋಡೆಯ ಮರೆಯಲ್ಲಿ, ಅಕ್ಕತಂಗಿ ಎದುರುಬದುರು ನಿಂತರು. ಪ್ರಮೀಳಾ ಮೂರು ಬೆರಳು ಬಾಚಿ ಕೇಳಿದಳು. "ಅಜ್ಜಿಯನ್ನು ಏನು ಮಾಡಿದೆ?"

ರಾಧಾ ಸುಳ್ಳಾಡಲಿಲ್ಲ. ಹೇಳಿಬಿಟ್ಟಳು. ಅಜ್ಜಿ ಕಿವುಡಿ, ನೀನು ಕಿವುಡಿ, ನಾಳೆ ಅನುಶ್ರೀ ಹೊಟ್ಟೆಯಲ್ಲಿ ಹುಟ್ಟುವುದೂ ಕಿವುಡು ಎನ್ನುತ್ತಾರೆ. ಛತ್ರದ ಮೆಟ್ಟಿಲ ಮೇಲೆ ಸಿಕ್ಕಿದವಳು, ಯಾರ ಮಗಳೋ ಎನ್ನುತ್ತಾರೆ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಲ್ಲವೇ, ನಾನು ಹೇಳಿದ್ದು ಎರಡೇ. ನೀನೂ ಅವಳನ್ನು ಸಾಕಿದವಳು. ಒಂದು ದಿನದ ನಾಟಕ, ನಾಳೆ ಯಾರೂ ನೆನೆಸುವುದಿಲ್ಲ.

ಆ ಭಯ ಸುಳ್ಳಲ್ಲ ಎಂದು ಪ್ರಮೀಳಾಗೂ ಗೊತ್ತಿತ್ತು. ನನ್ನ ಕೇಳಿದ್ದರೆ ನಾಟಕವೇ ಬೇಡ ಎನ್ನುತ್ತಿದ್ದೆ, ಅನುಶ್ರೀಗಾಗಿ ಬಾಯಿಯಿಲ್ಲದವಳು ಕೈಯನ್ನೂ ಕಟ್ಟಿಕೊಂಡು ಇರುತ್ತಿದ್ದೆ, ಕೇಳಲಿಲ್ಲ ಯಾಕೆ? ಇಷ್ಟನ್ನು ಅವಳು ಹೇಳಿದಳು.

ರಾಧಾ ಸಿಕ್ಕಿಬಿದ್ದವರು ಆಡುವ ಮಾತನ್ನು ಆಡಿದಳು. "ನಿನಗೇನು ಕಷ್ಟ? ನಾನು ಮೈಕಿನಲ್ಲಿ ಏನು ಹೇಳಿದರೂ ನಿನಗೆ ಕೇಳಿಸುವುದೇ ಇಲ್ಲವಲ್ಲ."

ಊರು ಅವಳನ್ನು ಮೂಗಿ ಎಂದಿತ್ತು, ಮಕ್ಕಳು ಬೆನ್ನಿಗೆ ಕಲ್ಲು ಹೊಡೆದಿದ್ದವು. ಅದೆಲ್ಲ ಬಾಯಿಯವರ ಲೋಕದ ಮಾತು, ಅವಳು ಒರೆಸಿಕೊಂಡು ಬಂದಿದ್ದಳು. ಈ ಮಾತು ಅಜ್ಜಿಯ ಕೈಮಾತಿನಲ್ಲಿ ಬಂತು. ಛತ್ರದ ಕಿವುಡರು ಒಬ್ಬರನ್ನೊಬ್ಬರು ಕರೆಯಲೆಂದು ಕಟ್ಟಿದ ಮಾತಿನಲ್ಲಿ, ಅದೇ ಛತ್ರದ ಗೋಡೆಯ ಪಕ್ಕ ನಿಂತು, ಕಿವುಡಿ ಎಂದು ಹಂಗಿಸಿದ್ದು ಏಣಿ. ಪ್ರಮೀಳಾ ತಿರುಗಿ ನಡೆದು, ಸೀರೆಯುಟ್ಟು, ಸೌಟು ಕೈಗೆತ್ತಿಕೊಂಡಳು.

ನಾಟಕ ಶುರುವಾಯಿತು. ಮುಂದಿನ ಸಾಲಿನಲ್ಲಿ ಕಂಠಪ್ಪ, ಸುನಂದಮ್ಮ, ಅವರ ಕಡೆಯವರು, ಹಿಂದೆ ಊರೆಲ್ಲ. ಲಿಂಗಣ್ಣ ಅಂಚು ತಡವಿ ಮೀನು ಗುಳಿಗೆ ಕೂತ, ಉಳಿದವರು ತಮ್ಮ ತಮ್ಮ ಗುಳಿಗೆ ಕೂತರು. ಬಾಚಣಿಗೆ ಗುಳಿ ಮಾತ್ರ ಖಾಲಿ. ರೇಷ್ಮೆ ಸೀರೆ ಉಟ್ಟ ಪ್ರಮೀಳಾ ಸೌಟು ಹಿಡಿದು ಆಚೆ ಬದಿಯಿಂದ ಬಂದಳು. ರಾಧಾ ಮೈಕಿನಲ್ಲಿ ದೊಡ್ಡ ಮನೆಯ ತಾಯಿಯ ದೊಡ್ಡ ಗುಣ ಹೇಳುತ್ತಿದ್ದಳು.

ಪ್ರಮೀಳಾ ಮೀನಿಗೆ ಬಡಿಸಿದಳು, ಏಣಿಗೆ ಬಡಿಸಿದಳು. ಬಾಚಣಿಗೆಯ ಮುಂದೆ ನಿಂತಳು. ಸೌಟನ್ನು ಕೆಳಗಿಟ್ಟಳು. ಗುಳಿಸಾಲು ದಾಟಿ ಈಚೆ ಬಂದು, ರೇಷ್ಮೆ ಸೀರೆಯ ನೆರಿಗೆ ಮುದುರಿಕೊಂಡು, ಅಜ್ಜಿಯ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.

ಇದು ನಾಟಕದಲ್ಲಿ ಇರಲಿಲ್ಲ. ಉಮಾಶಂಕರ ಕತ್ತೆತ್ತಿದ. ರಾಧಾಳ ಬಾಯಿ ನಿಂತಿತು. ಪ್ರಮೀಳಾ ನೋಡಿದ್ದು ಜನರನ್ನಲ್ಲ, ತಂಗಿಯನ್ನು. ಮೂರು ಬೆರಳು ನೆತ್ತಿಯಿಂದ ಬಾಚಿದಳು. ಕಲ್ಲು ಮುಟ್ಟಿದಳು. ಎರಡು ಕಿವಿ ಮುಟ್ಟಿ ನಿಧಾನವಾಗಿ ತಲೆಯಾಡಿಸಿದಳು. ಎದೆ ಮುಟ್ಟಿದಳು. ಆಮೇಲೆ ಅಂಗೈ ಮೇಲೆ ಎರಡು ಬೆರಳು ಹತ್ತಿಸಿದಳು: ಏಣಿ, ಈಗ ಹೇಳು.

ಹೇಳಬಹುದಿತ್ತು. ಮೈಕು ಕೈಯಲ್ಲೇ ಇತ್ತು. ಇಡೀ ಊರು ಕಿವಿ ತೆರೆದು ಕೂತಿತ್ತು. ರಾಧಾ ಅಕ್ಕನನ್ನು ನೋಡಿದಳು, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮಗಳನ್ನು ನೋಡಿದಳು, ಸುನಂದಮ್ಮನ ಹುಬ್ಬು ಗಂಟಾಗಿದ್ದು ನೋಡಿದಳು.

"ನೋಡಿ ಎಂಥಾ ತಾಯಿ ನಮ್ಮಜ್ಜಿ!" ಎಂದು ಅವಳ ದನಿ ಎದ್ದಿತು. "ಬಡಿಸಿದ್ದಷ್ಟೇ ಅಲ್ಲ ಕಣ್ರಪ್ಪ, ಅವರ ಪಂಕ್ತೀಲೇ ಕುಂತು ಅವರ ಕಲ್ಲಾಗೇ ಉಂಡ್ಲು. ಯಾರಾದ್ರೂ ಹೊಗಳುದ್ರೆ ಕಿವಿಗೇ ಆಕ್ಕೊಳ್ತಿರ್ಲಿಲ್ಲ ನಮ್ಮಜ್ಜಿ, ಕಿವಿಗೇ ಆಕ್ಕೊಳ್ತಿರ್ಲಿಲ್ಲ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸುನಂದಮ್ಮ ಮೇಲೆದ್ದು ಬಂದು ಪ್ರಮೀಳಾಳ ಎರಡು ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಇಂಥಾ ಮನೇನ ಎಲ್ಲಿ ಉಡುಕೋಕಾಯ್ತದೆ? ಎಣ್ಣು ನಮ್ದೇ ಕಣ್ರೀ, ಒಪ್ಗೆ" ಎಂದಳು.

ಕೇಳಿಸದಿದ್ದರೂ ಪ್ರಮೀಳಾಗೆ ಎಲ್ಲ ತಿಳಿಯಿತು. ಛೀ ಎನ್ನಬೇಕಾದ, ಇಲ್ಲವೇ ಸುಮ್ಮನಾಗಿ ಯೋಚಿಸಬೇಕಾದ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಂದರೆ ತನ್ನ ಕೈಯಿಂದ ಹೊರಟ ಮಾತು ಮತ್ತೆ ಆ ಬಾಯಲ್ಲಿ ತಿರುಚಿಕೊಂಡಿತ್ತು. ಅವಳ ಕೈಗಳನ್ನು ಸುನಂದಮ್ಮ ಬಿಗಿಯಾಗಿ ಹಿಡಿದೇ ಇದ್ದಳು. ಹಿಡಿದ ಕೈಯಲ್ಲಿ ಏನು ಮಾತಾಡಲು ಬರುತ್ತದೆ?

ಮದುವೆ ಆಯಿತು. ಪ್ರಮೀಳಾ ಮದುವೆಯಲ್ಲಿ ಹೂ ಕಟ್ಟಿದಳು, ಅನುಶ್ರೀಯನ್ನು ತಬ್ಬಿ ಕಳಿಸಿಕೊಟ್ಟಳು. ಸೊಪ್ಪು ಕಟ್ಟಿದಳು, ಬೆಂಕಿ ನೋಡಿದಳು, ಯಾವ ಕೆಲಸಕ್ಕೂ ಇಲ್ಲ ಎನ್ನಲಿಲ್ಲ. ಆದರೆ ರಾಧಾ ಎದುರು ಕೂತು ಅರ್ಧಚಂದ್ರ ಎಂದು ಕರೆದರೆ ಅವಳ ಮುಖದಲ್ಲಿ ಏನೂ ಹುಟ್ಟುತ್ತಿರಲಿಲ್ಲ. ಸಿಟ್ಟಾ ಎಂದು ಕೇಳಿದರೆ ಅಂಗೈ ತಿರುವುತ್ತಿದ್ದಳು, ಅಂಗಡಿಯವನಿಗೆ ತಿರುವಿದ ಹಾಗೆ. ಊಟಕ್ಕೆ ಬಾಯಿಗೆ ಬೆರಳು. ಬಾ ಎಂದರೆ ಬೀಸಿದ ಕೈ. ಮಗಳಿಲ್ಲದ ಮನೆಯಲ್ಲಿ ರಾಧಾ ಅಕ್ಕನ ಮುಂದೆ ಕೂತು ಬೇಡಿದಳು, ಅತ್ತಳು, ಬೈದಳು, ಕಾಲು ಹಿಡಿದಳು. ಉತ್ತರ ಬಂದದ್ದು ಸಂತೆ ಸನ್ನೆಯಲ್ಲೇ.

ಉಮಾಶಂಕರ ಮತ್ತೆ ಬಂದ. ಕಿವುಡರ ಇಂಥ ಹಳೆಯ ಕೈಮಾತು ಎಲ್ಲಾದರೂ ಉಳಿದಿದ್ದರೆ ಅದು ಆ ಛತ್ರಕ್ಕಿಂತ ದೊಡ್ಡ ಆಸ್ತಿ ಎಂದು ಬಲ್ಲವರು ಯಾರೋ ಮೈಸೂರಿನಲ್ಲಿ ಅವನಿಗೆ ಹೇಳಿದ್ದರಂತೆ. ನಾಟಕದ ದಿನ ನೋಡಿದ ಬೆರಳುಗಳು ಅವನಿಗೆ ನೆನಪಾಗಿದ್ದವು. ವೀಡಿಯೋ ಕ್ಯಾಮೆರಾ ತಂದು ಪ್ರಮೀಳಾಳನ್ನು ಛತ್ರದ ಗುಳಿಸಾಲಿನ ಮುಂದೆ ಕೂರಿಸಿದ. ಮಾತಾಡಿ ಎಂದ.

ಪ್ರಮೀಳಾ ಬೆರಳು ಕೂಡಿಸಿ ಬಾಯಿಗಿಟ್ಟಳು. ಕೈ ಬೀಸಿದಳು. ಅಂಗೈ ತಿರುವಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇಷ್ಟೇನಾ? ಇದು ಎಲ್ಲಾ ಊರಲ್ಲೂ ಮಾಡ್ತಾರಲ್ಲ" ಎಂದ ಉಮಾಶಂಕರ.

"ಇಲ್ಲಾ ಸಾ, ಬೇಕಾದಷ್ಟೈತೆ! ಅಕ್ಕ ಯೋಳ್ತಾ ಇಲ್ಲ ಅಷ್ಟೇಯಾ" ಎಂದು ರಾಧಾ ತಾನೇ ಮುಂದೆ ಬಂದಳು. ಅವಸರವಸರವಾಗಿ ಮೀನು ಮಾಡಿದಳು, ಏಣಿ, ಅರ್ಧಚಂದ್ರ, ಬಾಚಣಿಗೆ. "ನಮ್ಮಜ್ಜಿ ಬಡ್ಸೋಳಲ್ಲ ಸಾ, ಉಂಡೋಳು. ಉಟ್ಟು ಮೂಗಿ. ನಾನೇ ಸುಳ್ಳ್ ಯೋಳಿದ್ದು. ಈ ಮಾತ್ನೆಲ್ಲ ಅವ್ಳೇ ಕಲ್ಸಿದ್ದು, ಇದೇ ಕಲ್ ಮ್ಯಾಲೆ ಉಟ್ಟಿದ್ದು" ಎಂದು ಅಳುತ್ತಾ ಅಂದಳು. ಅಂತೂ ನಿಜ ಬಾಯಿಗೆ ಬಂತು, ಬೀಗರು ಒಪ್ಪಿ, ಮದುವೆ ಮುಗಿದು, ಚಪ್ಪರ ಬಿಚ್ಚಿದ ಮೇಲೆ.

ಉಮಾಶಂಕರನಿಗೆ ಯಾವುದನ್ನು ನಂಬುವುದು ತಿಳಿಯಲಿಲ್ಲ. ಅವಳ ಕೈ ನೋಡಿದ, ಪ್ರಮೀಳಾಳ ಮುಖ ನೋಡಿದ. ಪ್ರಮೀಳಾ ತಂಗಿಯ ಬೆರಳುಗಳನ್ನು ನೋಡುತ್ತಿದ್ದಳು, ಊರು ಇಷ್ಟು ಕಾಲ ತನ್ನ ಬೆರಳುಗಳನ್ನು ನೋಡಿದ ಹಾಗೆ. ಏನೋ ಆಡಿಸುತ್ತಾಳೆ ಪಾಪ, ಎಂಬ ಹಾಗೆ. ಅಜ್ಜಿಯ ಹೆಸರು ಕಣ್ಣೆದುರೇ ಕುಣಿಯುತ್ತಿತ್ತು, ಇವಳೂ ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳನ್ನು ಅವಳು ಎತ್ತಲಿಲ್ಲ. ಎತ್ತಿದ ಮಾತನ್ನು ಯಾರ ಬಾಯಿಗೆ ಕೊಡುವುದು?

"ಅವರಿಗೇ ಅರ್ಥ ಆಗ್ತಿಲ್ಲವಲ್ಲ ರಾಧಮ್ಮ" ಎಂದು ಉಮಾಶಂಕರ ಬೇಜಾರಿನಿಂದ ಅಂದ. ಕೊನೆಗೆ ಒಂದು ಪರೀಕ್ಷೆ ಮಾಡುವವನಂತೆ ರಾಧಾಳ ಕಡೆ ಬೆರಳು ತೋರಿಸಿ, ಪ್ರಮೀಳಾಗೆ ಹುಬ್ಬು ಹಾರಿಸಿ ಕೇಳಿದ: ಇವರು ಯಾರು?

ರಾಧಾ ಅಕ್ಕನ ಅಂಗೈಯನ್ನೇ ನೋಡುತ್ತಾ ನಿಂತಳು. ಎರಡು ಬೆರಳು ಅಂಗೈ ಹತ್ತಿದರೆ ಸಾಕು, ಎಲ್ಲ ನಿಜವಾಗುತ್ತಿತ್ತು.

ಪ್ರಮೀಳಾ ತಂಗಿಯನ್ನು ನೋಡಿದಳು. ಆಮೇಲೆ ಕೈ ಎತ್ತಿ ತನ್ನ ಹಣೆಯನ್ನು ಒಂದು ಸಲ ಮುಟ್ಟಿದಳು. ಯಾರೋ ಒಬ್ಬಳು ಕುಂಕುಮದ ಹೆಂಗಸು.